ದ್ವೇಷದ ಮಾತಿಗೆ ಕಾನೂನಿನ ಆಸರೆಯೆ?

ಮಾತು ಮನೆ ಕೆಡಿಸಿತು ಎಂದರು ನಮ್ಮ ಹಿರಿಯರು. ಒಂದು ದೇಶವನ್ನೇ ಕೆಡಿಸಿದ ಮಾತೂ ಉಂಟು. 1994ರಲ್ಲಿ ಆಫ್ರಿಕದ ರುವಾಂಡದಲ್ಲಿ ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೋ ಟುಟ್ಸಿ ಜನಾಂಗದವರನ್ನು 'ಜಿರಳೆಗಳು' ಎಂದು ಕರೆಯಿತು. ಕೊಲ್ಲಬೇಕಾದವರ ಹೆಸರುಗಳನ್ನೂ ಬಿತ್ತರಿಸಿತು. ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಹತರಾದರು. ಕೊಂದವರಲ್ಲೂ ಸತ್ತವರಲ್ಲೂ ಬಹುಮಂದಿ ನಮ್ಮಂತೆಯೇ ಜ್ಞಾನಸ್ನಾನ ಪಡೆದವರು. ರಕ್ಷಣೆ ಬೇಡಿ ಸೇರಿದ್ದ ದೇವಾಲಯಗಳಲ್ಲಿಯೇ ಸಹಸ್ರಾರು ಜನ ಬಲಿಯಾದರು. 2017ರಲ್ಲಿ ಅಂದಿನ ಪೋಪ್ ಫ್ರಾನ್ಸಿಸರು ಧರ್ಮಸಭೆಯ ಮತ್ತು ಅದರ ಸದಸ್ಯರ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಆ ರೇಡಿಯೋದ ಸ್ಥಾಪಕರಲ್ಲೊಬ್ಬನಾದ ಫರ್ಡಿನಾಂಡ್ ನಹಿಮಾನ ಇತಿಹಾಸದ ಪ್ರಾಧ್ಯಾಪಕನಾಗಿದ್ದವನು! ಅಂತರರಾಷ್ಟ್ರೀಯ ನ್ಯಾಯಮಂಡಲಿ 2003ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2007ರ ಮೇಲ್ಮನವಿಯಲ್ಲಿ ಅದು 30 ವರ್ಷಕ್ಕೆ ಇಳಿಯಿತು.

ಹೀಗಿರುವಾಗ ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ದ್ವೇಷದ ಮಾತಿಗೂ ಕಾನೂನು ಆಸರೆ ನೀಡಬೇಕೆ? ಅಮೆರಿಕದ ಸುಪ್ರೀಂ ಕೋರ್ಟ್ 1969ರ ಬ್ರಾಂಡೆನ್‌ಬರ್ಗ್ ತೀರ್ಪಿನಲ್ಲಿ, ಒಡನೆಯೇ ಅಪರಾಧಕ್ಕೆ ಪ್ರಚೋದಿಸುವ ಹಾಗೂ ಅದು ಘಟಿಸುವ ಸಂಭವವುಳ್ಳ ಮಾತನ್ನು ಮಾತ್ರ ದಂಡಿಸಬಹುದೆಂದಿತು. ನಮಗೆ ಇದು ಸಾಲದೆನಿಸುತ್ತದೆ. ರುವಾಂಡದಲ್ಲಿ ಮಚ್ಚೆತ್ತುವ ಕರೆ ಕೊನೆಗೆ ಬಂದದ್ದು. ನೆರೆಯವನು ಮನುಷ್ಯನೇ ಅಲ್ಲವೆಂಬ ಪಾಠ ತಿಂಗಳುಗಟ್ಟಲೆ ಮೊದಲೇ ನಡೆದಿತ್ತು.

ಆದರೆ ಕಾನೂನನ್ನು ಎಷ್ಟು ಹಿಗ್ಗಿಸಬಹುದು? ಮಾನವ ಶಾಸನವು ಎಲ್ಲ ದುರ್ಗುಣಗಳನ್ನೂ ನಿಷೇಧಿಸದು, ಮುಖ್ಯವಾಗಿ ಪರರಿಗೆ ಹಾನಿ ತರುವ ಘೋರವಾದವುಗಳನ್ನೇ ತಡೆಯುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಹದಿಮೂರನೆಯ ಶತಮಾನದ ಮಾತಾದರೂ ಹಳತಾಗಿಲ್ಲ. ರುವಾಂಡವೇ 2008ರಲ್ಲಿ 'ನರಮೇಧದ ಸಿದ್ಧಾಂತ'ದ ವಿರುದ್ಧ ಕಾನೂನು ತಂದಿತು. ಅದರ ಪದಗಳು ತೀರ ಸಡಿಲವಾಗಿದ್ದುದರಿಂದ ಸರ್ಕಾರದ ಟೀಕಾಕಾರರೂ ಅದರ ಬಲೆಗೆ ಬಿದ್ದರು.

ನಮ್ಮ ದೇಶದಲ್ಲಿ ಎರಡು ಕಲಂಗಳಿವೆ. ಪಂಗಡಗಳ ನಡುವೆ ದ್ವೇಷ ಬಿತ್ತುವುದನ್ನು ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಂ ದಂಡಿಸುತ್ತದೆ. ಧರ್ಮವನ್ನು ಅವಮಾನಿಸಿ ಭಾವನೆಗಳನ್ನು ಕೆರಳಿಸುವುದನ್ನು 299ನೆಯದು, ಅಂದರೆ 1927ರಲ್ಲಿ ಬಂದ ಹಳೆಯ 295ಎ, ದಂಡಿಸುತ್ತದೆ. ಇವೆರಡನ್ನೂ ಒಂದೇ ಎಂದು ಭಾವಿಸುವ ರೂಢಿ ನಮ್ಮವರಲ್ಲಿಯೂ ಇದೆ. 2006ರಲ್ಲಿ 'ದ ಡಾ ವಿಂಚಿ ಕೋಡ್' ಚಲನಚಿತ್ರ ಬಂದಾಗ ನಮ್ಮ ಸಮುದಾಯದ ಕೆಲವರು ನಿಷೇಧ ಕೇಳಿದರು. ಆಂಧ್ರ ಪ್ರದೇಶ ಸರ್ಕಾರ ಹೇರಿದ ನಿಷೇಧವನ್ನು ಅಲ್ಲಿನ ಹೈಕೋರ್ಟ್ ರದ್ದುಪಡಿಸಿತು. ಅದು ಸರಿಯಾದ ತೀರ್ಪು. ಆ ಚಿತ್ರ ನಮ್ಮ ವಿಶ್ವಾಸವನ್ನು ನೋಯಿಸಿತು, ನಿಜ; ಯಾವ ಕಥೋಲಿಕನ ಮನೆಗೂ ಬೆಂಕಿ ಹಚ್ಚಿರೆಂದು ಅದು ಹೇಳಲಿಲ್ಲ. ಅದಕ್ಕೆ ಉತ್ತರ ಕೊಡಲು ಧರ್ಮೋಪದೇಶವಿದೆ, ಲೇಖನಿಯಿದೆ. ಜಿರಳೆ ಎನಿಸಿಕೊಂಡವನಿಗೆ ಕಾನೂನಲ್ಲದೆ ಬೇರೇನಿದೆ?

ಆದ್ದರಿಂದ 196ನೆಯ ಕಲಂ ಇರಲಿ, ಯಾವ ಮತದವನಿಗಾದರೂ ಸಮನಾಗಿ ಅನ್ವಯವಾಗಲಿ. 299ನೆಯದರ ಅಗತ್ಯವನ್ನು ಸಂಸತ್ತು ಮತ್ತೊಮ್ಮೆ ಪರಿಶೀಲಿಸಲಿ. ಅದರಿಂದ ನಮಗೆ ದೊರೆಯುವ ರಕ್ಷಣೆ ಕಡಿಮೆಯಾದರೂ ಚಿಂತೆಯಿಲ್ಲ.