ಸುಳ್ಳಿನ ಬಡ್ಡಿ

ನಮ್ಮ ಓದುಗರ ಬಳಗದ ತಿಂಗಳ ಸಭೆಯಲ್ಲಿ ಈಚಿನ ವಿಜ್ಞಾನ ಕಾದಂಬರಿ, ಫ್ಯಾಂಟಸಿ, ಕಾಮಿಕ್ಸ್ ಬಗ್ಗೆ ನಾನು ಮಾತಾಡಿದ್ದು ನಲವತ್ತು ನಿಮಿಷ. ಅದಕ್ಕೆ ಶುರುವಾದ ಆಕ್ಷೇಪಗಳು ಎರಡು ತಿಂಗಳಾದರೂ ನಿಂತಿಲ್ಲ. ಐದು ಪತ್ರ ಬಂದವು, ಫೋನುಗಳಿಗೆ ಲೆಕ್ಕವಿಲ್ಲ, ತರಕಾರಿ ಅಂಗಡಿಯ ಮುಂದೆ ಒಂದು ಜಗಳವೂ ಆಯಿತು. "ಬ್ಯಾಂಕಿನವರು ಸಾಹಿತ್ಯಕ್ಕೂ ಲೆಡ್ಜರ್ ಹಿಡಕೊಂಡು ಬಂದರು" ಎಂದು ಯಾರೋ ನಕ್ಕರಂತೆ. ನಗಲಿ. ಮೂವತ್ತೆರಡು ವರ್ಷ ಸಾಲದ ಅರ್ಜಿ ಓದಿದವನು ನಾನು, ನನಗೆ ಗೊತ್ತಿರುವ ಅಳತೆಗೋಲು ಅದೊಂದೇ. ಇಂಥ ಕಥೆಗಾರ ನಮ್ಮಿಂದ ಒಂದು ಸಾಲ ಕೇಳುತ್ತಾನೆ: ಇದೊಂದು ಸುಳ್ಳನ್ನು ನಂಬಿ, ಉಳಿದದ್ದನ್ನು ನನಗೆ ಬಿಡಿ. ನಾವು ನಂಬಿದ ಮೇಲೆ ಅವನು ಪುಟಪುಟಕ್ಕೂ ಬಡ್ಡಿ ಕಟ್ಟುತ್ತಾನೋ, ತಲೆಮರೆಸಿಕೊಳ್ಳುತ್ತಾನೋ? ಸಭೆಯಲ್ಲಿ ನಾನು ನೋಡಿದ್ದು ಇಷ್ಟನ್ನೇ. ಆಕ್ಷೇಪಗಳಿಗೂ ಅದೇ ಲೆಡ್ಜರ್ ತೆರೆದು ಉತ್ತರಿಸುತ್ತೇನೆ.

ಮೊದಲ ಪತ್ರ ಕವಿಮಿತ್ರರದು. ಬರ, ಬೆಲೆ, ಜಾತಿ, ಜಗಳ ಎಲ್ಲ ಇಲ್ಲಿ ನೆಲದ ಮೇಲೆ ಇರುವಾಗ ಆಕಾಶ ನೋಡುತ್ತ ಕೂರುವುದು ಪಲಾಯನ ಎನ್ನುತ್ತಾರೆ. ನಾನು ಹೊಗಳಿದ ಲಿಯು ಸಿಶಿನ್ ಅವರ 'ದ ತ್ರೀ ಬಾಡಿ ಪ್ರಾಬ್ಲಮ್' ಇಂಗ್ಲಿಷ್ ಅನುವಾದದಲ್ಲಿ ಎಲ್ಲಿ ಶುರುವಾಗುತ್ತದೆಂದು ಅವರು ನೋಡಿಲ್ಲ ಎಂದು ಕಾಣುತ್ತದೆ. ಅದು ಶುರುವಾಗುವುದು 1967ರ ಚೀನಾದಲ್ಲಿ. ಸಾಂಸ್ಕೃತಿಕ ಕ್ರಾಂತಿಯ ಸಭೆ. ಸಾಪೇಕ್ಷತಾವಾದ ಪಾಠ ಮಾಡಿದ ತಪ್ಪಿಗೆ ಒಬ್ಬ ಭೌತಶಾಸ್ತ್ರದ ಪ್ರೊಫೆಸರನ್ನು ವೇದಿಕೆಯ ಮೇಲೆ ಹುಡುಗಿಯರು ಬೆಲ್ಟಿನಲ್ಲಿ ಹೊಡೆದು ಕೊಲ್ಲುತ್ತಾರೆ. ಹೆಂಡತಿಯೂ ಭೌತಶಾಸ್ತ್ರದವಳೇ, ಅದೇ ವೇದಿಕೆಯಲ್ಲಿ ಅವನ ವಿರುದ್ಧ ಸಾಕ್ಷಿ ನುಡಿಯುತ್ತಾಳೆ. ಮಗಳು ಜನರ ನಡುವೆ ನಿಂತು ನೋಡುತ್ತಾಳೆ. ಚೀನೀ ಪುಸ್ತಕದಲ್ಲಿ ಈ ಭಾಗ ನಡುವಿನಲ್ಲಿ ಅಡಗಿ ಕೂತಿತ್ತು. 2014ರ ಇಂಗ್ಲಿಷ್ ಅನುವಾದದಲ್ಲಿ ಕೆನ್ ಲಿಯು ಲೇಖಕರ ಒಪ್ಪಿಗೆ ಪಡೆದೇ ಅದನ್ನು ಮೊದಲ ಪುಟಕ್ಕೆ ತಂದರು. ಮುಂದೊಂದು ದಿನ ಬೇರೆ ಲೋಕದವರಿಗೆ "ಬನ್ನಿ, ನಮ್ಮ ಕೈಲಿ ನಮ್ಮನ್ನು ಸರಿಮಾಡಿಕೊಳ್ಳಲು ಆಗದು" ಎಂಬ ಅರ್ಥದ ಉತ್ತರ ಕಳಿಸುವವಳು ಆ ಮಗಳೇ. ಅನ್ಯಲೋಕದವರು ಇದ್ದಾರೆ ಎಂಬುದು ಲೇಖಕ ಪಡೆದ ಸಾಲ. ಅದರ ಬಡ್ಡಿಯನ್ನು ಅವನು ಕಟ್ಟಿದ್ದು ತನ್ನ ದೇಶದ ಚರಿತ್ರೆಯಿಂದ. ಪಲಾಯನ ಮಾಡುವವನು ಅತ್ತ ಕಡೆ ಓಡುತ್ತಾನೆಯೇ?

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ 2020ರಲ್ಲಿ ಬರೆದ 'ದ ಮಿನಿಸ್ಟ್ರಿ ಫಾರ್ ದ ಫ್ಯೂಚರ್' ತೆರೆಯುವುದು ಉತ್ತರ ಪ್ರದೇಶದ ಒಂದು ಊರಿನಲ್ಲಿ. ಕರೆಂಟು ಹೋಗಿದೆ. ಬೆವರು ಆರದಷ್ಟು ತೇವ, ಅದರ ಮೇಲೆ ಬಿಸಿಲು. ಜನ ಕೆರೆಗೆ ಇಳಿಯುತ್ತಾರೆ, ಕೆರೆಯ ನೀರೇ ಮೈಗಿಂತ ಬಿಸಿ. ಬೆಳಗಾಗುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರೂ ಸತ್ತಿದ್ದಾರೆ. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗಿಗೆ ಸರಿಸಬೇಕಾದ ಕಲಬುರಗಿ ವಿಭಾಗದ ಓದುಗನಿಗೆ ಇದು ಆಕಾಶದ ಸುದ್ದಿಯೇನಲ್ಲ. ಆ ಪುಸ್ತಕದ ಉಳಿದ ಭಾಗ ಸಮಿತಿ ಸಭೆಗಳ ನಡಾವಳಿಯಂತೆ ಸಾಗುತ್ತದೆ ಎಂದು ನಾನು ಸಭೆಯಲ್ಲೇ ಗೊಣಗಿದ್ದೆ, ಈಗಲೂ ಗೊಣಗುತ್ತೇನೆ. ಮೊದಲ ಅಧ್ಯಾಯ ಮಾತ್ರ ಕವಿಮಿತ್ರರು ಓದಲೇಬೇಕು.

ಎರಡನೆಯವರು ವಕೀಲರು. ಇವರದು ಜೋಡಿ ವಾದ. ಇದೆಲ್ಲ ನಮ್ಮ ಪುರಾಣಗಳಲ್ಲಿ ಆಗಲೇ ಇತ್ತು ಎಂಬುದು ಒಂದು, ಇದ್ಯಾವುದೂ ನಮ್ಮ ಮಣ್ಣಿನದಲ್ಲ ಎಂಬುದು ಇನ್ನೊಂದು. ಒಂದೇ ಉಸಿರಿನಲ್ಲಿ ಎರಡನ್ನೂ ಮಂಡಿಸುವುದು ಕೋರ್ಟಿನಲ್ಲಿ ನಡೆಯುತ್ತದೋ ಏನೋ. ಇರಲಿ, ಬಿಡಿಸಿ ನೋಡೋಣ.

ಪುಷ್ಪಕ ವಿಮಾನ ಇತ್ತು, ನಿಜ. ಆದರೆ ಪುರಾಣವನ್ನು ಪೇಟೆಂಟ್ ಕಚೇರಿಯ ರಿಜಿಸ್ಟರಿನಂತೆ ತಿರುವಿಹಾಕುವವರು ಅದಕ್ಕೆ ಗೌರವ ಕೊಡುತ್ತಿಲ್ಲ, ಅವಮಾನ ಮಾಡುತ್ತಿದ್ದಾರೆ. ಯಯಾತಿಯ ಕಥೆ ತೆಗೆದುಕೊಳ್ಳಿ. ಮುಪ್ಪನ್ನು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟಿಸಬಹುದು ಎಂಬುದೊಂದೇ ಅಲ್ಲಿನ ಅಸಾಧ್ಯ. ಅದನ್ನು ನಂಬಿದ ಕೂಡಲೇ ಮಿಕ್ಕದ್ದೆಲ್ಲ ಲೆಕ್ಕದಂತೆ ಬರುತ್ತದೆ: ಅಪ್ಪ ಕೇಳುತ್ತಾನೆ, ಹಿರಿಯ ಮಕ್ಕಳು ಒಬ್ಬೊಬ್ಬರಾಗಿ ಒಲ್ಲೆ ಎನ್ನುತ್ತಾರೆ, ಕಿರಿಯ ಪೂರು ಒಪ್ಪುತ್ತಾನೆ. ಸಾಲ ಪಡೆದವನು ಯಯಾತಿ, ಬಡ್ಡಿ ಕಟ್ಟಿದವನು ಪೂರು. 1961ರಲ್ಲಿ ಕಾರ್ನಾಡರಿಗೆ ಆ ಕಥೆಯಿಂದ ನಾಟಕ ಸಿಕ್ಕಿದ್ದು ಅಲ್ಲಿ ವೃದ್ಧಾಪ್ಯ ವರ್ಗಾವಣೆಯ ತಂತ್ರಜ್ಞಾನ ಇತ್ತೆಂದಲ್ಲವಷ್ಟೆ. ಪುರಾಣ ಈ ಸಾಹಿತ್ಯದ ಅಜ್ಜಿ ಎಂದರೆ ಒಪ್ಪುತ್ತೇನೆ. ಅಜ್ಜಿಯನ್ನು ಎಂಜಿನಿಯರ್ ಮಾಡಬೇಡಿ.

ಹಾಗೆ ಮಾಡಹೊರಟವರ ಪ್ರಸಂಗವೊಂದು ನಮ್ಮ ಬೆಂಗಳೂರಿನ ಮಗ್ಗುಲಲ್ಲೇ ಇದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಕಳೆದ ಶತಮಾನದ ಆರಂಭದಲ್ಲಿ 'ವೈಮಾನಿಕ ಶಾಸ್ತ್ರ'ವನ್ನು ಬಾಯಲ್ಲಿ ಹೇಳಿ ಬರೆಸಿದರು, ಅದು ಭರದ್ವಾಜ ಮುನಿಗಳದ್ದು ಎಂದರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಕೂತು ಅದನ್ನು ಗಂಭೀರವಾಗಿಯೇ ಪರಿಶೀಲಿಸಿದರು. ಪಠ್ಯ 1904ಕ್ಕಿಂತ ಹಿಂದಿನದಾಗಿರಲಾರದು, ಅದರಲ್ಲಿನ ವಿಮಾನಗಳು ಹಾರಲಾರವು ಎಂಬ ತೀರ್ಮಾನಕ್ಕೆ ಬಂದರು. ನನಗೆ ಶಾಸ್ತ್ರಿಗಳ ಮೇಲೆ ಸಿಟ್ಟಿಲ್ಲ, ಒಂದು ಬಗೆಯ ಮರುಕವಿದೆ. ಅದನ್ನೇ ಕಾದಂಬರಿ ಎಂದು ಹೊರತಂದಿದ್ದರೆ ಇವತ್ತು ನಾವು ಅವರನ್ನು ಈ ನಾಡಿನ ಮೊದಲ ಫ್ಯಾಂಟಸಿಕಾರರೆಂದು ಮೆರೆಸುತ್ತಿದ್ದೆವು, ಆನೇಕಲ್ಲಿನಲ್ಲಿ ವರ್ಷಕ್ಕೊಂದು ವಿಚಾರ ಸಂಕಿರಣ ಮಾಡುತ್ತಿದ್ದೆವು.

ನಮ್ಮ ಮಣ್ಣಿನದಲ್ಲ ಎಂಬ ಎರಡನೇ ವಾದಕ್ಕೆ ತೇಜಸ್ವಿಯವರ 'ಕರ್ವಾಲೊ' ಸಾಕು. ಹಾರುವ ಓತಿಯ ಬೆನ್ನುಹತ್ತಿ ಮೂಡಿಗೆರೆಯ ಕಾಡಿಗೆ ನುಗ್ಗಿದ ಆ ತಂಡ 1980ರಿಂದಲೂ ನಮ್ಮೊಂದಿಗಿದೆ. ಈಚಿನದು ಬೇಕೆಂದರೆ ಲಾವಣ್ಯ ಲಕ್ಷ್ಮೀನಾರಾಯಣ್ ಇದ್ದಾರೆ. ಅವರ ಪುಸ್ತಕ ಇಲ್ಲಿ 2020ರಲ್ಲಿ 'ಅನಲಾಗ್ ವರ್ಚುವಲ್' ಎಂದು, ಹೊರದೇಶದಲ್ಲಿ 2023ರಲ್ಲಿ 'ದ ಟೆನ್ ಪರ್ಸೆಂಟ್ ಥೀಫ್' ಎಂದು ಬಂತು. ಅದರಲ್ಲಿ ಬೆಂಗಳೂರಿಗೆ ಏಪೆಕ್ಸ್ ಸಿಟಿ ಎಂಬ ಹೆಸರು ಬಂದಿದೆ. ದುಡಿಮೆಯ ಅಂಕ ನೋಡಿ ಮನುಷ್ಯರನ್ನು ಮೇಲಕ್ಕೆ ಏರಿಸುವ, ಊರಾಚೆಗೆ ತಳ್ಳುವ ಕಂಪನಿಯೊಂದು ಅಲ್ಲಿ ಆಳುತ್ತದೆ. ವರ್ಷಕ್ಕೊಮ್ಮೆ ಅಪ್ರೈಸಲ್ ಜ್ವರ ಬರುವ ನಮ್ಮ ಬೀದಿಯ ಹುಡುಗರಿಗೆ ಕೊಟ್ಟು ನೋಡಿ, ಪರದೇಶದ ಸರಕು ಅನ್ನುತ್ತಾರಾ ಕೇಳಿ.

ಆರ್. ಎಫ್. ಕ್ವಾಂಗ್ ಅವರ 'ಬೇಬಲ್' (2022) ಕಥೆ 1830ರ ದಶಕದ ಆಕ್ಸ್‌ಫರ್ಡಿನದು. ಅದನ್ನು ಓದುವಾಗ ನನಗೆ ನೆನಪಾದದ್ದು ಮಾತ್ರ ನಮ್ಮ ಅನುವಾದಕರು. ಬೆಳ್ಳಿಯ ಪಟ್ಟಿಯ ಮೇಲೆ ಒಂದು ಭಾಷೆಯ ಪದ, ಪಕ್ಕದಲ್ಲಿ ಇನ್ನೊಂದು ಭಾಷೆಯಲ್ಲಿ ಅದರ ಅನುವಾದ ಕೆತ್ತುತ್ತಾರೆ. ದಾಟುವಾಗ ಎಷ್ಟು ಅರ್ಥ ಸೋರಿಹೋಯಿತೋ ಅಷ್ಟೂ ಮಾಂತ್ರಿಕ ಶಕ್ತಿಯಾಗುತ್ತದೆ. 'ಎಂಜಲು' ಎಂಬ ಮಾತನ್ನು ಇಂಗ್ಲಿಷಿಗೆ ತರಹೋಗಿ ಅಡಿಟಿಪ್ಪಣಿಯಲ್ಲಿ ಮುಳುಗಿದ ಯಾರನ್ನಾದರೂ ಕೇಳಿ. ಆ ಒಂದು ಪದದ ಪಟ್ಟಿಯಿಂದ ಹಡಗೇ ಓಡೀತು. ಕ್ವಾಂಗ್ ಬಡ್ಡಿಯನ್ನು ಎಲ್ಲೂ ತಪ್ಪಿಸುವುದಿಲ್ಲ: ಆ ಶಕ್ತಿಗೆ ಪರಭಾಷೆಯವರು ಬೇಕು, ಆದ್ದರಿಂದ ಕ್ಯಾಂಟನ್ನಿನಿಂದ, ಕಲ್ಕತ್ತೆಯಿಂದ ಮಕ್ಕಳನ್ನು ತಂದು ಓದಿಸುತ್ತಾರೆ. ಆ ಮಕ್ಕಳ ನುಡಿಯಿಂದ ಬಂದ ಶಕ್ತಿ ಅವರದೇ ಊರುಗಳ ಮೇಲೆ ತಿರುಗುತ್ತದೆ. ಓದುಗನ ಬುದ್ಧಿಯ ಮೇಲೆ ನಂಬಿಕೆಯಿಲ್ಲದೆ ಹೇಳಿದ್ದನ್ನೇ ಮತ್ತೆ ಹೇಳುವುದು ಲೇಖಕಿಯ ಚಟ. ಅದಕ್ಕೆ ನಾನು ಅಂಕ ಕಡಿದಿದ್ದೇನೆ.

ಮೂರನೆಯ ಪತ್ರ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರದು. ಅವರ ಅಕ್ಷರ ಈಗಲೂ ಕರಿಹಲಗೆಯ ಮೇಲಿನಂತೆ ದುಂಡಗೆ. ಅಸಿಮೋವ್, ಕ್ಲಾರ್ಕ್ ಹೋದ ಮೇಲೆ ವಿಜ್ಞಾನವೂ ಹೋಯಿತು, ಈಗ ಬರೀ ಮಂತ್ರತಂತ್ರ, ಮೇಲೆ ಪ್ರಶಸ್ತಿ ರಾಜಕೀಯ ಎನ್ನುತ್ತಾರೆ. ಎನ್. ಕೆ. ಜೆಮಿಸಿನ್ ಅವರ ತ್ರಿವಳಿ 2016, 2017, 2018ರಲ್ಲಿ ಸತತವಾಗಿ ಮೂರು ಹ್ಯೂಗೊ ಪ್ರಶಸ್ತಿ ಪಡೆದದ್ದು ಅವರಿಗೆ ಹಿಡಿಸಿಲ್ಲ.

ಮೇಷ್ಟ್ರೇ, ಅಸಿಮೋವರ 'ಫೌಂಡೇಶನ್'ನಲ್ಲಿ ನೌಕೆಗಳು ಗ್ಯಾಲಕ್ಸಿಯ ಈ ಮೂಲೆಯಿಂದ ಆ ಮೂಲೆಗೆ ಜಿಗಿಯುತ್ತವೆ. ಅಷ್ಟು ಶಕ್ತಿ ಎಲ್ಲಿಂದ ಬಂತೆಂದು ತಾವು ಎಂದಾದರೂ ಕೇಳಿದ್ದೀರಾ? ಜೆಮಿಸಿನ್ ಅವರ 'ದ ಫಿಫ್ತ್ ಸೀಸನ್' ತೆರೆಯಿರಿ. ಅಲ್ಲಿ ಕೆಲವರು ಮನಸ್ಸಿನಿಂದಲೇ ಭೂಕಂಪ ತಡೆಯಬಲ್ಲರು. ಮಂತ್ರವೇ, ಒಪ್ಪಿದೆ. ಆದರೆ ಅದಕ್ಕೆ ಬೇಕಾದ ಶಕ್ತಿಯನ್ನು ಸುತ್ತಲಿನ ಶಾಖದಿಂದಲೇ ಎಳೆದುಕೊಳ್ಳಬೇಕು. ಎಳೆದಾಗ ಸುತ್ತ ಮಂಜು ಕಟ್ಟುತ್ತದೆ, ಆ ವರ್ತುಲದೊಳಗೆ ಸಿಕ್ಕಿದ ಜೀವಗಳು ಹೆಪ್ಪುಗಟ್ಟುತ್ತವೆ. ಊರು ಉಳಿಸಿದವಳೇ ಪಕ್ಕದವರನ್ನು ಕೊಂದಿರಬಹುದು. ಆದ್ದರಿಂದ ಊರು ಅವರಿಗೆ ಹೆದರುತ್ತದೆ, ಅವರನ್ನು ಹಿಡಿದು ಪಳಗಿಸುತ್ತದೆ, ಬಳಸುತ್ತದೆ. ಮಗನಲ್ಲಿ ಆ ಶಕ್ತಿ ಇದೆಯೆಂದು ಗೊತ್ತಾದ ಅಪ್ಪ ಅವನನ್ನು ಹೊಡೆದು ಕೊಲ್ಲುತ್ತಾನೆ. ಶಕ್ತಿ ಸಂರಕ್ಷಣೆಯ ನಿಯಮದಿಂದ ಒಂದು ಸಮಾಜದ ಕ್ರೌರ್ಯವನ್ನೆಲ್ಲ ಹೀಗೆ ಹೆಣೆದ ಹಳೆಯ ಪುಸ್ತಕ ಯಾವುದಿದ್ದರೂ ಹೇಳಿ, ಕೊಂಡು ಓದುತ್ತೇನೆ.

ಪ್ರಶಸ್ತಿಯಲ್ಲಿ ರಾಜಕೀಯವಿದೆ ಎಂಬುದು ಖರೆ. 2023ರಲ್ಲಿ ಚೆಂಗ್ಡುವಿನಲ್ಲಿ ನಡೆದ ಹ್ಯೂಗೊದಲ್ಲಿ ನಾಮನಿರ್ದೇಶನದ ಮತ ಸಾಕಷ್ಟಿದ್ದೂ 'ಬೇಬಲ್' ಅನ್ನು ಅನರ್ಹವೆಂದು ಕೈಬಿಟ್ಟರು. ಅಂಕಿಅಂಶ ಹೊರಬಿದ್ದದ್ದು 2024ರ ಜನವರಿಯಲ್ಲಿ, ಆಗಲೂ ಕಾರಣ ಕೊಡಲಿಲ್ಲ. ಆದರೆ ಮೇಷ್ಟ್ರು ದೂರುವ ರಾಜಕೀಯ ಹೊಸಬರನ್ನು ಎತ್ತಿ ಕೂರಿಸುವಂಥದ್ದು. ಅಲ್ಲಿ ನಡೆದದ್ದು ಅದರ ತಲೆಕೆಳಗು.

ನಾಲ್ಕನೆಯವರು ಹೆಡ್‌ಮಿಸ್ ಆಗಿ ನಿವೃತ್ತರಾದ ಟೀಚರ್, ನನ್ನ ಹೆಂಡತಿಗೂ ಪಾಠ ಹೇಳಿದವರು, ಆದ್ದರಿಂದ ಮನೆಯಲ್ಲೂ ಅವರದೇ ಪಕ್ಷ. ಕಾಮಿಕ್ಸ್ ಎಂದರೆ ಓದಲು ಸೋಮಾರಿಯಾದವರಿಗೆ ಗೊಂಬೆ ತೋರಿಸುವುದು ಎಂದು ಅವರ ಖಚಿತ ಮತ.

ಟೀಚರ್, ಅಮರ ಚಿತ್ರ ಕಥೆಯ ಮೊದಲ ಪುಸ್ತಕಗಳು 1965ರಲ್ಲಿ ಬಂದದ್ದು ಇಂಗ್ಲಿಷಿನಲ್ಲಿ ಅಲ್ಲ, ನಮ್ಮ ಕನ್ನಡದಲ್ಲಿ. ಬೆಂಗಳೂರಿನ ಪುಸ್ತಕ ವ್ಯಾಪಾರದ ಜಿ. ಕೆ. ಅನಂತರಾಮ್ ಆ ಕೆಲಸಕ್ಕೆ ಹಟ ಹಿಡಿದವರು. ಆ ಮಾಲೆಯನ್ನು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದವರು. ನಿಮ್ಮ ಶಾಲೆಯ ಬೀರುವಿನಲ್ಲೂ ಅವು ಇದ್ದವು, ಬೀಗ ಮಾತ್ರ ನಿಮ್ಮ ಸೊಂಟದಲ್ಲಿತ್ತು ಎಂದು ನನ್ನ ಹೆಂಡತಿಯೇ ಹೇಳಿದ್ದಾಳೆ.

ನಾನು ತೋರಿಸಿದ್ದು ಮಕ್ಕಳ ಪುಸ್ತಕವಂತೂ ಅಲ್ಲ. ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್'ನಲ್ಲಿ ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು. ಎಷ್ಟು ಸುಲಭದ ರೂಪಕ ಎನ್ನಿಸುತ್ತದೆ. ಎರಡನೇ ಸಂಪುಟಕ್ಕೆ ಬಂದಾಗ ಲೇಖಕ ತನ್ನ ಮೇಜಿನ ಮುಂದೆ ಕೂತಿದ್ದಾನೆ, ಮನುಷ್ಯನೇ, ಇಲಿಯ ಮುಖವಾಡವನ್ನು ದಾರದಲ್ಲಿ ಕಟ್ಟಿಕೊಂಡಿದ್ದಾನೆ. ಮೇಜಿನ ಕೆಳಗೆ ಹೆಣಗಳ ರಾಶಿ. ಅಪ್ಪನ ಸಂಕಟದ ಕಥೆ ಮಾರಾಟವಾದದ್ದರ ಮೇಲೆ ತಾನು ಕೂತಿದ್ದೇನೆ ಎಂಬುದನ್ನು ಅವನು ಒಂದೇ ಚಿತ್ರದಲ್ಲಿ ಒಪ್ಪಿಕೊಳ್ಳುತ್ತಾನೆ. ತನ್ನದೇ ರೂಪಕದ ಬಡ್ಡಿಯನ್ನು ಇಷ್ಟು ನೇರವಾಗಿ ಕಟ್ಟಿದ ಗದ್ಯಲೇಖಕರು ನನಗೆ ಹೆಚ್ಚು ಸಿಕ್ಕಿಲ್ಲ. 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಬಂತು. 2022ರಲ್ಲಿ ಅಮೆರಿಕದ ಟೆನೆಸಿಯ ಒಂದು ಕೌಂಟಿಯ ಶಾಲಾ ಮಂಡಳಿ ಅದನ್ನು ಪಠ್ಯದಿಂದ ತೆಗೆದುಹಾಕಿತು. ಗೊಂಬೆ ತೋರಿಸುವುದಕ್ಕೆ ಯಾರೂ ಅಷ್ಟು ಹೆದರುವುದಿಲ್ಲ.

'ಭೀಮಾಯನ' (2011) ಇನ್ನೂ ಹತ್ತಿರದ್ದು. ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಎಂಬ ಗೊಂಡ ಕಲಾವಿದ ದಂಪತಿ ಅಂಬೇಡ್ಕರರ ಬದುಕನ್ನು ಚಿತ್ರಿಸಿದ್ದಾರೆ. ಜನರನ್ನು ಚೌಕಗಳಲ್ಲಿ ಕೂಡಿಹಾಕುವುದಿಲ್ಲವೆಂದು ಪುಟದಲ್ಲಿ ಡಬ್ಬಿಗಳನ್ನೇ ಬಿಟ್ಟರು. ಮೆದು ಮಾತು ಹಕ್ಕಿಯ ಆಕಾರದಲ್ಲಿ ಹೊರಡುತ್ತದೆ. ಚುಚ್ಚುವ ಮಾತಿನ ಗುಳ್ಳೆಗೆ ಚೇಳಿನ ಕೊಂಡಿ. ಬಾಲಕ ಭೀಮನಿಗೆ ನೀರು ಕೊಡಲೊಲ್ಲದವನ ಬಾಯಿಂದ ಆ ಕೊಂಡಿ ಹೊರಡುವುದನ್ನು ಓದಲು ಬಾರದ ಕೂಸೂ ಓದುತ್ತದೆ. ಓದಬಲ್ಲ ನಮಗೆ ಪುಟ ತಿರುವಲು ಇನ್ನೂ ಹೆಚ್ಚು ಹೊತ್ತು ಬೇಕಾಗುತ್ತದೆ. ಸೋಮಾರಿತನ ಎಲ್ಲಿ ಬಂತು?

ಎಮಿಲ್ ಫೆರಿಸ್ ಅವರ 'ಮೈ ಫೇವರಿಟ್ ಥಿಂಗ್ ಈಸ್ ಮಾನ್‌ಸ್ಟರ್ಸ್' (2017) ಪುಸ್ತಕವನ್ನು ಟೀಚರಿಗೆ ಕಳಿಸಿದ್ದೆ, ತೆರೆಯದೆ ಹಿಂದೆ ಬಂತು. ಸೊಳ್ಳೆ ಕಚ್ಚಿ ಬಂದ ಕಾಯಿಲೆಯಿಂದ ಕೈಕಾಲು ಸೋತ ಹೆಂಗಸು, ಕೈಗೆ ಪೆನ್ನನ್ನು ಟೇಪಿನಿಂದ ಸುತ್ತಿಕೊಂಡು ಮತ್ತೆ ಬರೆಯಲು ಕಲಿತು, ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಗಳಂಥ ಪುಟಗಳಲ್ಲಿ ಬಾಲ್‌ಪೆನ್ನಿನಿಂದ ಬಿಡಿಸಿದ ಪುಸ್ತಕ ಅದು. ಮತ್ತೊಮ್ಮೆ ಕಳಿಸುತ್ತೇನೆ.

ಕೊನೆಯ ಪತ್ರ ಎಂಜಿನಿಯರಿಂಗ್ ಓದುವ ಹುಡುಗನದು. "ಅಂಕಲ್, ಸೂಪರ್‌ಹೀರೋಗಳನ್ನು ಒಂದೇ ಮಾತಲ್ಲಿ ತಳ್ಳಿಬಿಟ್ಟಿರಿ, ಮಾಂಗಾ ಬಗ್ಗೆ ಗೊತ್ತಿಲ್ಲದೆ ನಕ್ಕಿರಿ" ಎಂದು ನೇರ ಹಾಕಿದ್ದಾನೆ. ಮೊದಲನೆಯದರಲ್ಲಿ ನನ್ನ ಮಾತು ಬದಲಾಗಿಲ್ಲ ತಮ್ಮಾ. 1992ರಲ್ಲಿ ಸೂಪರ್‌ಮ್ಯಾನನನ್ನು ಕೊಂದರು, ಜಗತ್ತಿಗೆ ಜಗತ್ತೇ ಕಪ್ಪುಪಟ್ಟಿ ಕಟ್ಟಿಕೊಂಡಿತು, ಮರುವರ್ಷ ಎದ್ದು ಬಂದ. ಸಾವನ್ನೇ ಸಾಲ ತಂದು ಅಸಲೂ ಕೊಡದೆ ಹೊರಟುಹೋದವರ ಅಂಗಡಿಗೆ ನಾನು ಮತ್ತೆ ಹೋಗುವುದಿಲ್ಲ.

ಎರಡನೆಯದರಲ್ಲಿ ನೀನು ಗೆದ್ದೆ. ನೀನು ಕೊಟ್ಟ 'ಫ್ರೀರೆನ್' ಓದಿದೆ. ರಾಕ್ಷಸರಾಜನನ್ನು ಕೊಂದು ಎಲ್ಲರೂ ಊರಿಗೆ ಮರಳಿದ ಮೇಲೆ ಅದರ ಕಥೆ ಶುರು. ಸಾವಿರಕ್ಕೂ ಹೆಚ್ಚು ವರ್ಷ ಬದುಕಿದ ಮಾಟಗಾತಿಗೆ ಆ ಹತ್ತು ವರ್ಷದ ಪಯಣ ರೆಪ್ಪೆ ಬಡಿದಷ್ಟೇ. ಐವತ್ತು ವರ್ಷ ಬಿಟ್ಟು ಬಂದು ನೋಡಿದರೆ ಜೊತೆಗಾರ ಹಣ್ಣು ಮುದುಕ, ಬೇಗನೆ ಸತ್ತೂ ಹೋಗುತ್ತಾನೆ. ಅವನ ಗೋರಿಯ ಮುಂದೆ ಅವಳು ಅಳುತ್ತಾಳೆ, ಇವನನ್ನು ತಿಳಿದುಕೊಳ್ಳಲು ನಾನು ಯಾಕೆ ಪ್ರಯತ್ನಿಸಲಿಲ್ಲ ಎಂದು. ಚಿರಾಯುಸ್ಸಿನ ಬಡ್ಡಿ ಅದು, ಚಕ್ರಬಡ್ಡಿ. ಕನ್ನಡಕ ಒರೆಸಿಕೊಂಡು ಮುಂದಿನ ಸಂಪುಟ ತೆಗೆದೆ. ಸಭೆಯಲ್ಲಿ ನಕ್ಕದ್ದನ್ನು ವಾಪಸು ತೆಗೆದುಕೊಂಡಿದ್ದೇನೆ.

ಇಷ್ಟು ಬರೆದು ಮುಗಿಸುವಾಗ ಮೇಷ್ಟ್ರು ಫೋನು ಮಾಡಿದರು. ಲಿಯು ಸಿಶಿನ್ ಪುಸ್ತಕವನ್ನು ಮೂರು ವಾರದ ಹಿಂದೆ "ಸುಮ್ಮನೆ ತಪ್ಪು ಹುಡುಕೋಕೆ" ಎಂದು ಒಯ್ದಿದ್ದರು. ಈಗ ಎರಡನೇ ಭಾಗ ಇದೆಯಾ ಎನ್ನುತ್ತಾರೆ. ಇದೆ ಮೇಷ್ಟ್ರೇ, ಮೊದಲನೆಯದನ್ನು ತಂದುಕೊಟ್ಟು ಒಯ್ಯಿರಿ. ನಿಮಗೆ ಬಡ್ಡಿ ಹಾಕುವುದಿಲ್ಲ.