ಬೆಂಗಳೂರಿನ ದಿಢೀರ್ ಪ್ರವಾಹ: ನೀರಿನ ಹಾದಿ, ಹಾನಿಯ ದಾಖಲೆ ಮತ್ತು ನೆರವಿನ ಅರ್ಜಿ

ಪೀಠಿಕೆ

ನದಿಯ ಪ್ರವಾಹಕ್ಕೆ ಸಾಮಾನ್ಯವಾಗಿ ಮುನ್ಸೂಚನೆ ಇರುತ್ತದೆ. ಜಲಾಶಯದ ಮಟ್ಟ, ಹೊರಹರಿವಿನ ಪ್ರಮಾಣ ಹಾಗೂ ಮೇಲ್ಭಾಗದ ಮಳೆಯನ್ನು ಗಮನಿಸಿ ತಗ್ಗು ಪ್ರದೇಶದ ಜನರನ್ನು ಸ್ಥಳಾಂತರಿಸಲು ಕಾಲಾವಕಾಶ ದೊರೆಯುತ್ತದೆ. ನಗರದ ದಿಢೀರ್ ಪ್ರವಾಹದ ಸ್ವರೂಪ ಬೇರೆ. ರಾತ್ರಿ ಸುರಿದ ಮಳೆಯು ಒಂದೆರಡು ಗಂಟೆಗಳಲ್ಲಿಯೇ ಮನೆಯೊಳಗೆ ನುಗ್ಗುತ್ತದೆ. ಹಲವು ಬಡಾವಣೆಗಳಲ್ಲಿ ಮರುದಿನವೇ ಇಳಿದೂ ಹೋಗುತ್ತದೆ. ನೀರು ಇಳಿದು ಕೆಸರನ್ನು ತೊಳೆದ ಮೇಲೆ ಹಾನಿಯ ಕುರುಹುಗಳೂ ಮಾಯವಾಗುತ್ತವೆ. ನೆರವು ಕೋರಿ ಕಚೇರಿಗೆ ಬರುವ ಕುಟುಂಬಕ್ಕೆ ತನ್ನ ನಷ್ಟವನ್ನು ತೋರಿಸಲು ಆಗ ಏನೂ ಉಳಿದಿರುವುದಿಲ್ಲ.

ಆದ್ದರಿಂದ ನಗರ ಪ್ರವಾಹದಲ್ಲಿ ಎರಡು ದಾಖಲೆಗಳು ನಿರ್ಣಾಯಕವಾಗುತ್ತವೆ. ಮೊದಲನೆಯದು ನೀರಿನ ಹಾದಿಯನ್ನು ತೋರಿಸುವ ಗ್ರಾಮ ನಕಾಶೆ. ಎರಡನೆಯದು ನೀರು ನುಗ್ಗಿದ ಮನೆಯ ಹಾನಿಯನ್ನು ಸಕಾಲದಲ್ಲಿ ದಾಖಲಿಸುವ ಮಹಜರು. ಮೊದಲನೆಯದನ್ನು ನಿವೇಶನ ಕೊಳ್ಳುವ ಮುನ್ನ ನೋಡಬೇಕು. ಎರಡನೆಯದು ಮನೆಯನ್ನು ತೊಳೆಯುವ ಮುನ್ನ ಆಗಬೇಕು. ಈ ಎರಡರ ಮಹತ್ವವನ್ನು ಇತ್ತೀಚಿನ ವರ್ಷಗಳ ಘಟನೆಗಳ ಆಧಾರದಲ್ಲಿ ಕೆಳಗೆ ವಿವರಿಸಲಾಗಿದೆ.

1. ನದಿಯಿಲ್ಲದ ನಗರದಲ್ಲಿ ಪ್ರವಾಹ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ನಗರದ ಮಧ್ಯೆ ದೊಡ್ಡ ನದಿ ಯಾವುದೂ ಹರಿಯುವುದಿಲ್ಲ. ದಿಣ್ಣೆಯ ಇಳಿಜಾರಿನಲ್ಲಿ ಮೂರು ಪ್ರಮುಖ ಕಣಿವೆಗಳಿವೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ.

ಈ ಇಳಿಜಾರನ್ನು ಅರಿತ ಹಿಂದಿನವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದಾಗ ಆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುತ್ತಿತ್ತು. ಕೆರೆಗಳು ಮಳೆಯ ರಭಸವನ್ನು ತಡೆದು ನಿಲ್ಲಿಸುತ್ತಿದ್ದವು. ಕಾಲುವೆಗಳು ಹೆಚ್ಚುವರಿ ನೀರನ್ನು ಸಾಗಿಸುತ್ತಿದ್ದವು. ಇವುಗಳಲ್ಲಿ ಯಾವ ಕೊಂಡಿ ಕಳಚಿದರೂ ನೀರು ತನ್ನ ಹಳೆಯ ಇಳಿಜಾರನ್ನೇ ಹಿಡಿದು, ಅಲ್ಲಿ ಈಗ ಇರುವ ರಸ್ತೆ ಮತ್ತು ಮನೆಗಳ ಮೂಲಕ ಹರಿಯುತ್ತದೆ.

ಕೆಂಪೇಗೌಡ ಬಸ್ ನಿಲ್ದಾಣವಿರುವುದು ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. 2016ರ ಜುಲೈ ಕೊನೆಯಲ್ಲಿ ಮಡಿವಾಳ ಕೆರೆಯ ಸುತ್ತಲಿನ ಬಡಾವಣೆಗಳು ಜಲಾವೃತಗೊಂಡಾಗ ಹೆಚ್ಚು ಬಾಧೆಗೊಳಗಾದ ಪ್ರದೇಶಗಳಲ್ಲಿ ಕೋಡಿಚಿಕ್ಕನಹಳ್ಳಿ ಒಂದು. ಆ ಊರಿನ ಹೆಸರಿನಲ್ಲಿಯೇ ಕೋಡಿ ಎಂಬ ಪದವಿದೆ.

2. ಮಳೆ ಹೊಸದಲ್ಲ, ನೆಲ ಬದಲಾಗಿದೆ

2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆಯಿಂದ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆ ಹಾಗೂ ಮಹದೇವಪುರ ಭಾಗದ ಅನೇಕ ಬಡಾವಣೆಗಳು ಮುಳುಗಿದವು. ಟ್ರಾಕ್ಟರ್ ಮತ್ತು ದೋಣಿಗಳಲ್ಲಿ ನಿವಾಸಿಗಳನ್ನು ಸಾಗಿಸಬೇಕಾಯಿತು. ಸೆಪ್ಟೆಂಬರ್ 5ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿಲಿಮೀಟರ್ ಮಳೆ ದಾಖಲಾಗಿತ್ತು. ಬೆಲೆಬಾಳುವ ವಿಲ್ಲಾಗಳಿಗೂ ಕೂಲಿಕಾರರ ಶೆಡ್‌ಗಳಿಗೂ ಒಂದೇ ರಾತ್ರಿ ನೀರು ನುಗ್ಗಿತು.

ಅದೇ ದಿನ ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿರುವ ಕಾವೇರಿ ನೀರು ಸರಬರಾಜಿನ ಯಂತ್ರಾಗಾರಕ್ಕೂ ನೀರು ನುಗ್ಗಿ ಪಂಪುಗಳು ಸ್ಥಗಿತಗೊಂಡವು. ಬೀದಿಗಳಲ್ಲಿ ನೀರು ನಿಂತಿದ್ದ ನಗರದ ಹಲವು ಭಾಗಗಳಿಗೆ ಕುಡಿಯುವ ನೀರಿನ ಪೂರೈಕೆಯೇ ನಿಂತಿತು.

ಆದರೆ ಇಂತಹ ಮಳೆ ನಗರಕ್ಕೆ ಅಪರಿಚಿತವಲ್ಲ. 2014ರ ಸೆಪ್ಟೆಂಬರ್ 26ರಂದು 132.3 ಮಿಲಿಮೀಟರ್, 1988ರ ಸೆಪ್ಟೆಂಬರ್ 12ರಂದು 177.6 ಮಿಲಿಮೀಟರ್ ಮಳೆ ದಾಖಲಾಗಿತ್ತು. ಮಳೆಯ ಪ್ರಮಾಣವೊಂದೇ ಹಾನಿಯ ಪ್ರಮಾಣವನ್ನು ವಿವರಿಸುವುದಿಲ್ಲ. ತೆರೆದ ಮಣ್ಣು ಹೀರಿಕೊಳ್ಳುತ್ತಿದ್ದ ನೀರು ಕಾಂಕ್ರೀಟು ಮತ್ತು ಡಾಂಬರಿನ ಮೇಲೆ ನಿಲ್ಲದೆ ಹರಿಯುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರಲ್ಲಿ ಹೊರಡಿಸಿದ ನಗರ ಪ್ರವಾಹ ನಿರ್ವಹಣಾ ಮಾರ್ಗಸೂಚಿಯ ಪ್ರಕಾರ, ನಗರೀಕರಣದಿಂದ ಪ್ರವಾಹದ ಗರಿಷ್ಠ ಹರಿವು 1.8ರಿಂದ 8 ಪಟ್ಟು, ಒಟ್ಟು ಪ್ರಮಾಣ 6 ಪಟ್ಟಿನವರೆಗೆ ಹೆಚ್ಚುತ್ತದೆ.

ಹರಿವು ಹೆಚ್ಚಿದ ಕಾಲದಲ್ಲಿಯೇ ಕಾಲುವೆಗಳು ಕುಗ್ಗಿವೆ. ಬೆಂಗಳೂರಿನ ಮಳೆನೀರು ನಿರ್ವಹಣೆಯ ಬಗ್ಗೆ ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು ಸಲ್ಲಿಸಿದ, 2021ರಲ್ಲಿ ವಿಧಾನಮಂಡಲದಲ್ಲಿ ಮಂಡನೆಯಾದ ವರದಿಯು ಇದನ್ನು ಅಂಕಿಗಳಲ್ಲಿ ತೋರಿಸಿದೆ. ಕೋರಮಂಗಲ ಕಣಿವೆಯಲ್ಲಿ 113.24 ಕಿಲೋಮೀಟರ್ ಇದ್ದ ಕಾಲುವೆಗಳ ಉದ್ದ 62.84 ಕಿಲೋಮೀಟರಿಗೆ ಇಳಿದಿದೆ. ವೃಷಭಾವತಿ ಕಣಿವೆಯಲ್ಲಿ ಅದು 226.29 ಕಿಲೋಮೀಟರಿನಿಂದ 111.72 ಕಿಲೋಮೀಟರಿಗೆ ಇಳಿದಿದೆ. ಅಂದರೆ ಎರಡೂ ಕಣಿವೆಗಳಲ್ಲಿ ನೀರಿನ ಹಾದಿಯ ಅರ್ಧದಷ್ಟು ನೆಲದ ಮೇಲೆ ಇಲ್ಲವಾಗಿದೆ.

3. ಖಾತೆ ಇದೆ ಎಂದರೆ ನೀರು ಬರುವುದಿಲ್ಲ ಎಂದಲ್ಲ

ನಿವೇಶನ ಅಥವಾ ಫ್ಲಾಟ್ ಕೊಳ್ಳುವವರು ಸಾಮಾನ್ಯವಾಗಿ ನೋಂದಾಯಿತ ಕ್ರಯಪತ್ರ, ಖಾತೆ, ತೆರಿಗೆ ರಸೀದಿ ಹಾಗೂ ಋಣಭಾರ ಪ್ರಮಾಣಪತ್ರವನ್ನು ಪರಿಶೀಲಿಸುತ್ತಾರೆ. ಇವೆಲ್ಲವೂ ಅವಶ್ಯ. ಆದರೆ ಖಾತೆಯು ಮೂಲತಃ ತೆರಿಗೆ ಪಾವತಿಗೆ ಸಂಬಂಧಿಸಿದ ದಾಖಲೆ. ಅದು ಮಾಲೀಕತ್ವದ ಅಂತಿಮ ಪುರಾವೆಯಲ್ಲ. ಆ ಸ್ವತ್ತು ಕಾಲುವೆಯ ಹಾದಿಯಲ್ಲಿಲ್ಲ ಎಂಬ ದೃಢೀಕರಣವಂತೂ ಅಲ್ಲವೇ ಅಲ್ಲ.

2016ರ ಆಗಸ್ಟ್‌ನಲ್ಲಿ ರಾಜಕಾಲುವೆ ಒತ್ತುವರಿ ತೆರವು ಕಾರ್ಯಾಚರಣೆ ನಡೆದಾಗ ಈ ಸಂಗತಿ ಕಠೋರವಾಗಿ ವ್ಯಕ್ತವಾಯಿತು. ಮನೆ ಕಳೆದುಕೊಂಡ ಅನೇಕರ ಬಳಿ ನೋಂದಾಯಿತ ಪತ್ರ, ಖಾತೆ ಮತ್ತು ಬ್ಯಾಂಕ್ ಸಾಲದ ಕಾಗದಗಳಿದ್ದವು. ಬಡಾವಣೆ ರಚಿಸಿ ಮಾರಿದವರು, ಅನುಮೋದನೆ ನೀಡಿದವರು ಮತ್ತು ಕೊಂಡವರ ಪೈಕಿ ನಷ್ಟ ಅನುಭವಿಸಿದವರು ಕೊಂಡವರು ಮಾತ್ರ.

ಕಾಲುವೆಯ ಅಂಚಿನ ನಿರ್ಮಾಣಕ್ಕೆ ಸಂಬಂಧಿಸಿದ ನಿಯಮವೂ ಬದಲಾಗುತ್ತ ಬಂದಿದೆ. 2015ರ ಪರಿಷ್ಕೃತ ಮಹಾಯೋಜನೆಯು ಕಾಲುವೆಯ ಮಧ್ಯರೇಖೆಯಿಂದ ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಮೀಸಲು ವಲಯವನ್ನು ನಿಗದಿಪಡಿಸಿತ್ತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಈ ಅಂತರವನ್ನು ಹೆಚ್ಚಿಸಿತು. 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯವು ಆ ಹೆಚ್ಚಳವನ್ನು ರದ್ದುಪಡಿಸಿತು. ಆದ್ದರಿಂದ ಮಾರಾಟಗಾರರು ಹೇಳುವ ಅಂತರವನ್ನು ನಂಬದೆ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮವನ್ನು ಯೋಜನಾ ಪ್ರಾಧಿಕಾರದಲ್ಲಿ ವಿಚಾರಿಸತಕ್ಕದ್ದು. ನಿಯಮದ ಅಂತರ ಬದಲಾದರೂ ನೆಲದ ಇಳಿಜಾರು ಬದಲಾಗುವುದಿಲ್ಲ ಎಂಬುದನ್ನೂ ಗಮನದಲ್ಲಿಡತಕ್ಕದ್ದು.

ಕೊಳ್ಳುವ ಮುನ್ನ ಪರಿಶೀಲಿಸಬೇಕಾದ ಅಂಶಗಳು:

ಅ) ಸರ್ವೆ ನಂಬರಿನ ಗ್ರಾಮ ನಕಾಶೆಯಲ್ಲಿ ಕೆರೆ, ಹಳ್ಳ, ಕಾಲುವೆ ಅಥವಾ ಖರಾಬು ಗುರುತಾಗಿದೆಯೇ ಎಂಬುದು.
ಆ) ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಆ ಸ್ಥಳದ ಸರ್ವೆ ನಂಬರು ಮತ್ತು ಸುತ್ತಲಿನ ಸರ್ಕಾರಿ ಜಮೀನಿನ ವಿವರ. ಇದು ಮಾಹಿತಿಗಾಗಿ ಮಾತ್ರ. ಗಡಿಯ ಬಗ್ಗೆ ಸಂಶಯವಿದ್ದಲ್ಲಿ ಅಧಿಕೃತ ಅಳತೆಯೇ ಆಧಾರ.
ಇ) ಹಿಂದಿನ ಮಳೆಗಾಲಗಳಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತು ಎಂಬ ಬಗ್ಗೆ ನೆರೆಹೊರೆಯವರ ಹೇಳಿಕೆ.

4. ನೀರು ಇಳಿದ ನಂತರ: ನೆರವಿನ ಮಿತಿಗಳು

ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ನೀಡುವ ನೆರವಿಗೆ ಕೇಂದ್ರ ಸರ್ಕಾರ ಮಾನದಂಡಗಳನ್ನು ನಿಗದಿಪಡಿಸುತ್ತದೆ. ಇದು ತಕ್ಷಣದ ಆಸರೆಯೇ ಹೊರತು ನಷ್ಟದ ಪೂರ್ಣ ಭರ್ತಿಯಲ್ಲ. 2022-23ರಿಂದ 2025-26ರ ಅವಧಿಯ ಮಾನದಂಡದಲ್ಲಿ ಮೃತರ ಕುಟುಂಬಕ್ಕೆ 4 ಲಕ್ಷ ರೂಪಾಯಿ. ಬಟ್ಟೆಬರೆ ನಷ್ಟಕ್ಕೆ ಪ್ರತಿ ಕುಟುಂಬಕ್ಕೆ 2,500 ರೂಪಾಯಿ. ಪಾತ್ರೆ ಹಾಗೂ ಗೃಹೋಪಯೋಗಿ ವಸ್ತುಗಳಿಗೆ ಮತ್ತೆ 2,500 ರೂಪಾಯಿ ನಿಗದಿಯಾಗಿತ್ತು.

ಇಲ್ಲಿ ಎರಡು ಅಂಶಗಳು ನಗರದ ಅರ್ಜಿದಾರರನ್ನು ವಿಶೇಷವಾಗಿ ಬಾಧಿಸುತ್ತವೆ.

ಮೊದಲನೆಯದು ಕಾಲಾವಧಿ. ಬಟ್ಟೆಬರೆ ಮತ್ತು ಪಾತ್ರೆಗಳ ನೆರವು ಮನೆ ಕೊಚ್ಚಿಹೋದ, ಪೂರ್ಣ ಹಾನಿಗೊಂಡ ಅಥವಾ ಎರಡು ದಿನಗಳಿಗಿಂತ ಹೆಚ್ಚು ಕಾಲ ತೀವ್ರವಾಗಿ ಜಲಾವೃತಗೊಂಡ ಕುಟುಂಬಗಳಿಗೆ ಅನ್ವಯಿಸುತ್ತದೆ. ನದಿತೀರದ ಗ್ರಾಮಕ್ಕೆ ಈ ಷರತ್ತು ಹೊಂದುತ್ತದೆ. ನಗರದಲ್ಲಿ ನೀರು ಆರು ಗಂಟೆ ನಿಂತರೂ ಅಕ್ಕಿ, ಹಾಸಿಗೆ, ಹೊಲಿಗೆ ಯಂತ್ರ, ಮಕ್ಕಳ ಪುಸ್ತಕ ಮತ್ತು ಫ್ರಿಜ್ ಹಾಳಾಗುತ್ತವೆ. ಮಾನದಂಡವು ನೀರು ನಿಂತ ದಿನಗಳನ್ನು ಎಣಿಸುತ್ತದೆ. ಕುಟುಂಬವು ಕಳೆದುಕೊಂಡದ್ದನ್ನು ಎಣಿಸುತ್ತದೆ. 2022ರಲ್ಲಿ ರಾಜ್ಯ ಸರ್ಕಾರವು ತನ್ನ ಪಾಲನ್ನು ಸೇರಿಸಿ, ನೀರು ನುಗ್ಗಿದ ಮನೆಗಳ ಕುಟುಂಬಕ್ಕೆ 10,000 ರೂಪಾಯಿ ನೆರವು ನೀಡುವ ಕ್ರಮ ಕೈಗೊಂಡದ್ದು ಈ ಅಂತರವನ್ನು ಸ್ವಲ್ಪಮಟ್ಟಿಗೆ ತುಂಬಿತು. ಇಂತಹ ಹೆಚ್ಚುವರಿ ನೆರವು ಆಯಾ ಸಂದರ್ಭದ ಸರ್ಕಾರಿ ಆದೇಶವನ್ನು ಅವಲಂಬಿಸಿರುತ್ತದೆ.

ಎರಡನೆಯದು ಕಟ್ಟಡದ ಸ್ಥಿತಿ. ಮನೆ ಹಾನಿಯ ನೆರವಿಗೆ ಆ ಮನೆಯು ಸಕ್ಷಮ ಪ್ರಾಧಿಕಾರ ದೃಢೀಕರಿಸಿದ ಅಧಿಕೃತ ನಿರ್ಮಾಣವಾಗಿರಬೇಕೆಂಬ ಷರತ್ತಿದೆ. ಕಾಲುವೆಯಂಚಿನ ಶೆಡ್ಡಿನಲ್ಲಿ ಅಥವಾ ಅನುಮೋದನೆಯಿಲ್ಲದ ಕಟ್ಟಡದಲ್ಲಿ ಇರುವವರು ಅತಿ ಹೆಚ್ಚು ಅಪಾಯದಲ್ಲಿದ್ದು, ನೆರವಿನ ಪಟ್ಟಿಯಲ್ಲಿ ಅತಿ ಕೊನೆಯಲ್ಲಿರುತ್ತಾರೆ. ಆದಾಗ್ಯೂ ಬಟ್ಟೆಬರೆ ಮತ್ತು ಪಾತ್ರೆಗಳ ನೆರವು ಕುಟುಂಬದ ಲೆಕ್ಕದಲ್ಲಿರುವುದರಿಂದ, ಮನೆ ತಮ್ಮದಲ್ಲವೆಂಬ ಕಾರಣಕ್ಕೆ ಬಾಡಿಗೆದಾರರು ಅರ್ಜಿ ಸಲ್ಲಿಸದೆ ಹಿಂದೆ ಸರಿಯಬಾರದು.

5. ಅರ್ಜಿದಾರರು ಗಮನಿಸತಕ್ಕ ಅಂಶಗಳು

1) ಮನೆಯನ್ನು ತೊಳೆಯುವ ಮುನ್ನ ಗೋಡೆಯ ಮೇಲೆ ನೀರು ನಿಂತ ಗುರುತು, ಹಾಳಾದ ಸಾಮಾನು ಹಾಗೂ ಮನೆಯ ಸಂಖ್ಯೆ ಕಾಣುವಂತೆ ದಿನಾಂಕಸಹಿತ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು.
2) ವಾರ್ಡ್ ಕಚೇರಿ ಅಥವಾ ಕಂದಾಯ ಸಿಬ್ಬಂದಿಗೆ ಅದೇ ದಿನ ಮಾಹಿತಿ ನೀಡಿ, ಸ್ಥಳ ಪರಿಶೀಲನೆ ಹಾಗೂ ಮಹಜರು ಕೋರುವುದು. ನೀರು ಬಂದ ಮತ್ತು ಇಳಿದ ಸಮಯವನ್ನು ಮಹಜರಿನಲ್ಲಿ ನಮೂದಿಸಲು ಕೇಳುವುದು.
3) ಗುರುತಿನ ದಾಖಲೆ, ಪಡಿತರ ಚೀಟಿ, ಅರ್ಜಿದಾರರ ಹೆಸರಿನ ಬ್ಯಾಂಕ್ ಖಾತೆಯ ವಿವರ ಲಗತ್ತಿಸುವುದು. ಬಾಡಿಗೆದಾರರು ಬಾಡಿಗೆ ಕರಾರು ಪತ್ರವನ್ನು, ಅದಿಲ್ಲದಿದ್ದಲ್ಲಿ ಆ ವಿಳಾಸದ ವಿದ್ಯುತ್ ಬಿಲ್ಲು ಅಥವಾ ಗ್ಯಾಸ್ ರಸೀದಿಯನ್ನು ಪೂರಕವಾಗಿ ಒದಗಿಸುವುದು.
4) ಅರ್ಜಿಗೆ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹಿಂದಿರುಗಬಾರದು.
5) ಜೀವಹಾನಿಯಾದಲ್ಲಿ ಮರಣೋತ್ತರ ಪರೀಕ್ಷೆಯ ವರದಿ ಮತ್ತು ಪೊಲೀಸ್ ದಾಖಲೆಯ ನಕಲನ್ನು ಪಡೆದಿರುವುದು.
6) ನೀರಿನಲ್ಲಿ ನಾಶವಾದ ಕ್ರಯಪತ್ರದ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿಗಳ ಕಚೇರಿಯಿಂದ, ಜನನ-ಮರಣ ಪ್ರಮಾಣಪತ್ರಗಳನ್ನು ಸಂಬಂಧಿತ ನೋಂದಣಾಧಿಕಾರಿಗಳಿಂದ ಮತ್ತೆ ಪಡೆಯಬಹುದು. ಸಕಾಲ ವ್ಯಾಪ್ತಿಯ ಸೇವೆಗಳಿಗೆ ಕಾಲಮಿತಿ ಇದ್ದು, ಅದು ಮೀರಿದಲ್ಲಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.
7) ನೀರಿನಲ್ಲಿ ನಿಂತ ವಾಹನವನ್ನು ಚಾಲೂ ಮಾಡದೆ ವಿಮಾ ಕಂಪನಿಗೆ ತಿಳಿಸುವುದು. ಚಾಲೂ ಮಾಡಿದ್ದರಿಂದ ಎಂಜಿನ್‌ಗೆ ಆಗುವ ಹಾನಿಯನ್ನು ಸಾಮಾನ್ಯ ಪಾಲಿಸಿಗಳು ಬಹುತೇಕ ಭರಿಸುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ ಮತ್ತು ದಕ್ಷಿಣ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ಅರ್ಜಿದಾರರು ತಮ್ಮ ವಾಸಸ್ಥಳ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಸೂಕ್ತ.

6. ಪ್ರಾಣರಕ್ಷಣೆ

2023ರ ಮೇ 21ರಂದು ಕೃಷ್ಣರಾಜ ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಮೃತಪಟ್ಟರು. 2025ರ ಮೇ 19ರಂದು ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ನೀರು ಹೊರಹಾಕುವ ವೇಳೆ ವಿದ್ಯುತ್ ಸ್ಪರ್ಶದಿಂದ 63 ವರ್ಷದ ಒಬ್ಬರು ಹಾಗೂ 12 ವರ್ಷದ ಬಾಲಕ ಮೃತಪಟ್ಟರು. ಮೊದಲ ಘಟನೆ ಮಳೆಯ ನಡುವೆ ಸಂಭವಿಸಿತು; ಎರಡನೆಯದು ಮಳೆ ನಿಂತ ಮೇಲೆ. ಮಳೆ ನಿಂತಿತೆಂದರೆ ಅಪಾಯ ಕಳೆಯಿತೆಂದು ಭಾವಿಸಬಾರದು.

ನೀರು ನಿಂತ ಕೆಳಸೇತುವೆಯೊಳಗೆ ವಾಹನ ಇಳಿಸಬಾರದು. ನೆಲಮಾಳಿಗೆಗೆ ಇಳಿಯುವ ಮುನ್ನ ವಿದ್ಯುತ್ ಸಂಪರ್ಕ ಕಡಿತವಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಮಕ್ಕಳನ್ನು ಈ ಕೆಲಸದಲ್ಲಿ ತೊಡಗಿಸಬಾರದು. ಕೊಳಚೆ ನೀರು ಸೇರಿದ ಸಂಪನ್ನು ಖಾಲಿ ಮಾಡಿ, ಶುಚಿಗೊಳಿಸಿ, ಕ್ಲೋರಿನ್ ಹಾಕಿದ ನಂತರವೇ ಬಳಸತಕ್ಕದ್ದು; ಕುಡಿಯುವ ನೀರನ್ನು ಕುದಿಸತಕ್ಕದ್ದು. ಕೆಸರಿನಲ್ಲಿ ಓಡಾಡಿದವರಿಗೆ ಜ್ವರ ಬಂದಲ್ಲಿ ಇಲಿ ಜ್ವರದ ಸಾಧ್ಯತೆ ಇರುವುದರಿಂದ ವೈದ್ಯರನ್ನು ತಡಮಾಡದೆ ಕಾಣಬೇಕು. ತುರ್ತು ನೆರವಿಗೆ 112 ಹಾಗೂ ವಿದ್ಯುತ್ ಸಂಬಂಧಿತ ದೂರಿಗೆ 1912 ಸಂಖ್ಯೆಯನ್ನು ಸಂಪರ್ಕಿಸಬಹುದು.

ಉಪಸಂಹಾರ

ಕಾಲುವೆಗಳ ಅಗಲೀಕರಣ, ಹೂಳೆತ್ತುವಿಕೆ ಮತ್ತು ಒತ್ತುವರಿ ತೆರವು ಸ್ಥಳೀಯ ಸಂಸ್ಥೆಗಳ ಹೊಣೆ. ಅದರಲ್ಲಿ ಆಗಿರುವ ಲೋಪವನ್ನು ಲೆಕ್ಕಪರಿಶೋಧನಾ ವರದಿಯೇ ದಾಖಲಿಸಿದೆ. ನೀರು ನಿಂತ ದಿನಗಳನ್ನಷ್ಟೇ ಅಳೆಯುವ ಮಾನದಂಡವು ನಗರದ ನಷ್ಟವನ್ನು ಗುರುತಿಸಬೇಕಾದರೆ, ಆ ನಷ್ಟವು ಪ್ರತಿ ಬಾರಿಯೂ ಕಡತದಲ್ಲಿ ದಾಖಲಾಗಬೇಕು. ದಾಖಲಾಗದ ಹಾನಿಯು ಮುಂದಿನ ಯೋಜನೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದುದರಿಂದ ನೆರವಿನ ಮೊತ್ತ ಚಿಕ್ಕದೆಂದು ಅರ್ಜಿ ಸಲ್ಲಿಸುವುದನ್ನು ಕೈಬಿಡದೆ, ಬಾಧಿತರಾದ ಪ್ರತಿಯೊಂದು ಕುಟುಂಬವೂ ಮಹಜರು ಮಾಡಿಸಿಕೊಂಡು ಸ್ವೀಕೃತಿ ಪಡೆಯುವುದು ಅವಶ್ಯವಾಗಿರುತ್ತದೆ.