ಅಜ್ಜಿಗೆ ಮಂಕು ಬಣ್ಣ ಸಾಕೆಂದು ತೀರ್ಮಾನಿಸಿದವರು ಯಾರು?

ನಮ್ಮ ಮನೆಗಳಲ್ಲಿ ಮಗುವಿಗೆ ಹೊದಿಕೆ ಹೊಲಿಯುವಾಗ ಹಳದಿ, ಕೆಂಪು, ಗಿಳಿಹಸಿರು ಎಲ್ಲ ಹೊರಗೆ ಬರುತ್ತದೆ. ಮದುಮಗಳ ಮಂಚಕ್ಕೆ ಹೂವಿನ ಬಣ್ಣ ಹುಡುಕುತ್ತೇವೆ. ಅದೇ ಮನೆಯ ಅಜ್ಜಿಗೆ ಒಂದು ಹೊದಿಕೆ ಬೇಕೆಂದಾಗ ಮಾತ್ರ ಕಪಾಟಿನಿಂದ ಬರುವುದು ಬೂದಿ, ಕಂದು, ಒಗೆದು ಒಗೆದು ಬಣ್ಣವೇ ಇಲ್ಲದ ಬಟ್ಟೆ. ಯಾಕೆ ಎಂದು ಕೇಳಿದರೆ ಉತ್ತರ ರೆಡಿ ಇರುತ್ತದೆ: "ಪ್ರಾಯ ಆದವರಿಗೆ ಇಷ್ಟು ಸಾಕು, ಡೀಸೆಂಟ್ ಉಂಟು."

ಈ 'ಡೀಸೆಂಟ್' ಎಂಬ ಮಾತಿನ ಮೇಲೆ ನನಗೆ ಸಿಟ್ಟು ಉಂಟು. ಯಾರ ಕಣ್ಣು ಮಂಜಾಗುತ್ತಾ ಬಂದಿದೆಯೋ ಅವರಿಗೇ ನಾವು ಕಾಣದ ಬಣ್ಣ ಕೊಡುತ್ತಿದ್ದೇವೆ. ಎದ್ದು ಕಾಣುವ ಬಣ್ಣ ಮನೆಯಲ್ಲಿ ಯಾರಿಗಾದರೂ ಅಗತ್ಯವಿದ್ದರೆ ಅದು ಅಜ್ಜಿಗೆ.

ಕಳೆದ ಆಟಿಯಲ್ಲಿ ನಮ್ಮ ದೊಡ್ಡಮ್ಮನಿಗೆ ಹಳೆ ಬಟ್ಟೆಯ ಹೊದಿಕೆ ಹೊಲಿಸುವ ಮಾತು ಬಂತು. ಉತ್ತರ ಕರ್ನಾಟಕದವರು ಕೌದಿ ಎನ್ನುತ್ತಾರಲ್ಲ, ಅದೇ. ದೊಡ್ಡಮ್ಮನಿಗೆ 78 ವರ್ಷ, ಕಣ್ಣಲ್ಲಿ ಪೊರೆ. ಬಟ್ಟೆ ಆರಿಸಲು ಕೂತವರಲ್ಲಿ ಮೂರು ಅಭಿಪ್ರಾಯ ಬಂತು. ತಿಳಿ ಬಣ್ಣ ಇರಲಿ, ಚಂದ ಕಾಣ್ತದೆ ಎಂದರು ಒಬ್ಬರು. ಕಂದು ಬಣ್ಣ ಆದರೆ ಕೊಳೆ ಗೊತ್ತಾಗುವುದಿಲ್ಲ ಎಂದರು ಇನ್ನೊಬ್ಬರು. ಗಂಡ ಇಲ್ಲದವರಿಗೆ ಕೆಂಪು ಬೇಡ ಎಂದರು ಮತ್ತೊಬ್ಬರು. ಅಲ್ಲೇ ಜಗಲಿಯಲ್ಲಿ ಕೂತಿದ್ದ ದೊಡ್ಡಮ್ಮನನ್ನು ಯಾರೂ ಕೇಳಿರಲಿಲ್ಲ. ಈ ಮೂರು ಮಾತು ನಿಮ್ಮ ಮನೆಯಲ್ಲೂ ಬಂದಿರುತ್ತದೆ. ಹಾಗಾಗಿ ಒಂದೊಂದಕ್ಕೇ ಉತ್ತರ ಕೊಡುತ್ತೇನೆ.

ಮೊದಲನೆಯದು, ತಿಳಿ ಬಣ್ಣವೇ ಚಂದ ಎಂಬುದು. ಇದು ರೀಲ್ಸ್ ನೋಡಿ ಬಂದ ರುಚಿ. ಗೋಡೆ ಕೆನೆ ಬಣ್ಣ, ಮಂಚ ಕೆನೆ ಬಣ್ಣ, ಹೊದಿಕೆಯೂ ಕೆನೆ ಬಣ್ಣ. ಗಾಢ ಬಣ್ಣ ಎದುರುಬದುರು ಇಟ್ಟರೆ ಅದು ಹಳ್ಳಿಯವರ ರುಚಿ ಎಂಬ ನಾಚಿಕೆ. ಆದರೆ ಇದೇ ಕರ್ನಾಟಕದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹಳೆ ಬಟ್ಟೆಯ ಚೂರುಗಳಿಂದ ಹೊಲಿಯುವ ಕವಂದಿ ಎಂಬ ಹೊದಿಕೆ ನೋಡಿ. ಹಳದಿಯ ಪಕ್ಕ ನೀಲಿ, ಕೆಂಪಿನ ಪಕ್ಕ ಬಿಳಿ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಹೊಲಿದು ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ 'ಫುಲ' ಎಂಬ ಹೂವು ಇಡುತ್ತಾರೆ. ಈ ಹೊದಿಕೆಗಳು ಅಮೆರಿಕದಲ್ಲಿ ಪ್ರದರ್ಶನ ಕಂಡಿವೆ. ಅದೇ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಬಡ ಕಪ್ಪು ಜನರ ಊರಿದೆ. ಅಲ್ಲಿನ ಹೆಂಗಸರು ಹೊಲದ ಕೆಲಸದ ಹಳೆ ಬಟ್ಟೆಯಿಂದ ಹೊಲಿದ ಹೊದಿಕೆಗಳ ಚಿತ್ರ 2006ರಲ್ಲಿ ಆ ದೇಶದ ಅಂಚೆ ಚೀಟಿಯ ಮೇಲೆ ಬಂತು. ನಾವು ನಾಚಿಕೆಪಟ್ಟು ಕಪಾಟಿನೊಳಗೆ ಇಡುವ ಬಣ್ಣವನ್ನು ಅವರು ಗೋಡೆಗೆ ತೂಗುಹಾಕಿ ನೋಡುತ್ತಾರೆ.

ಎರಡನೆಯದು, ಕಂದು ಬಣ್ಣದಲ್ಲಿ ಕೊಳೆ ಕಾಣುವುದಿಲ್ಲ ಎಂಬುದು. ಸರಿ, ಕಾಣುವುದಿಲ್ಲ. ಹೊದಿಕೆಯೂ ಕಾಣುವುದಿಲ್ಲ! ಪ್ರಾಯವಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ. ಆಗ ಕಡುನೀಲಿ, ಕಪ್ಪು, ಕಂದು ಮೂರೂ ಒಂದೇ ರೀತಿ ಕಾಣುತ್ತವೆ. ನೀಲಿಗೂ ಹಸಿರಿಗೂ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಪೊರೆ ಇದ್ದರೆ ಬೆಳಕು ಮತ್ತು ಕತ್ತಲಿನ ಅಂತರವೂ ಮಾಸುತ್ತದೆ. ಈಗ ನಮ್ಮ ಹಳೆ ಮನೆಗಳ ನೆಲ ನೆನಪು ಮಾಡಿಕೊಳ್ಳಿ. ಕೆಂಪು ರೆಡ್ ಆಕ್ಸೈಡ್ ನೆಲ, ಮೂಲೆಯಲ್ಲಿ ಝೀರೋ ಬಲ್ಬು, ಅರ್ಧ ಕೆಳಗೆ ಜಾರಿದ ಕಂದು ಹೊದಿಕೆ. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆಂದು ಎದ್ದವರಿಗೆ ನೆಲ ಯಾವುದು, ಬಟ್ಟೆ ಯಾವುದು ಗೊತ್ತಾಗಬೇಕು ಹೇಗೆ? ಕಾಲಿಗೆ ಸುತ್ತಿಕೊಂಡು ಬಿದ್ದರೆ ಸೊಂಟದ ಮೂಳೆ ಹೋಯಿತು. ಆಮೇಲೆ ಮಂಗಳೂರಿನ ಆಸ್ಪತ್ರೆ, ಸಾಲ, ಹಾಸಿಗೆ. ಕೊಳೆ ಕಾಣಿಸಿದರೆ ಒಗೆಯಬಹುದು ಮಾರಾಯ್ರೆ. ಹೊದಿಕೆಯ ಸುತ್ತ ನಾಲ್ಕು ಬೆರಳು ಅಗಲಕ್ಕೆ ಹಳೆ ಬಿಳಿ ಮುಂಡಿನ ಪಟ್ಟಿ ಹಾಕಿದರೆ ಅಂಚು ಎಲ್ಲಿದೆಯೆಂದು ಮಂದ ಬೆಳಕಲ್ಲೂ ತಿಳಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಗಂಡ ತೀರಿದವರಿಗೆ ಕೆಂಪು ಬೇಡ, ಹಸಿರು ಬೇಡ ಎಂಬುದು. ಬಳೆ, ಹೂವು ಕಿತ್ತುಕೊಂಡದ್ದು ಸಾಲದೆಂದು ಈಗ ರಾತ್ರಿ ಹೊದೆಯುವ ಬಟ್ಟೆಗೂ ಈ ಲೆಕ್ಕ ಬಂತೇ? ನಮ್ಮ ಮನೆಯಲ್ಲಿ ಬಟ್ಟೆಯ ರಾಶಿಯನ್ನು ದೊಡ್ಡಮ್ಮನ ಮುಂದೆ ಹಾಕಿ "ನಿಮಗೆ ಯಾವುದು ಬೇಕು?" ಎಂದು ಕೇಳಿದೆ. "ಏನಾದರೂ ಆದೀತು" ಎಂದರು. ಹೆಂಗಸರು ಜೀವನಪೂರ್ತಿ ಕಲಿಯುವ ಉತ್ತರ ಅದು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟೆ. ಅವರ ಕೈ ರಾಶಿಯೊಳಗಿಂದ ಎಳೆದದ್ದು ದೊಡ್ಡಪ್ಪನ ಕೆಂಪು ಚೌಕಳಿ ಲುಂಗಿಯನ್ನು.

ಗಂಡ ಹೋದ ಮೇಲೆ ಕೆಂಪು ಬೇಡ ಎನ್ನುವವರೇ, ಆ ಕೆಂಪು ಗಂಡನದ್ದೇ. ನಾನು ಮೇಲೆ ಹೇಳಿದ ಗೀಸ್ ಬೆಂಡ್‌ನಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ ತೀರಿಹೋದ ಗಂಡನ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಹೊದಿಕೆ ಮಾಡಿಕೊಂಡಳು. ಆ ಹೊದಿಕೆ ಇಂದಿಗೂ ಜನ ಹುಡುಕಿಕೊಂಡು ಹೋಗಿ ನೋಡುವ ವಸ್ತು. ನಮ್ಮಲ್ಲಿ ಆಗಿದ್ದರೆ ನೆರೆಕರೆಯವರು ಮೊದಲು ಬಣ್ಣ ನೋಡುತ್ತಿದ್ದರು.

ಇಷ್ಟು ಜಗಳವಾಡಿದ ಮೇಲೆ ಕೆಲಸದ ಮಾತನ್ನೂ ಹೇಳಬೇಕು. ಬಣ್ಣ ಎದ್ದು ಕಾಣುತ್ತದೋ ಇಲ್ಲವೋ ತಿಳಿಯಲು ನಿಮ್ಮ ಕೈಯಲ್ಲಿರುವ ಫೋನ್ ಸಾಕು. ಆರಿಸಿದ ಬಟ್ಟೆಗಳನ್ನು ಹಗಲು ಬೆಳಕಲ್ಲಿ ಸಾಲಾಗಿ ಹಾಸಿ ಒಂದು ಫೋಟೋ ತೆಗೆಯಿರಿ. ಅದನ್ನು ಎಡಿಟ್‌ನಲ್ಲಿ ಕಪ್ಪು ಬಿಳುಪು ಮಾಡಿ. ನಮಗೆ ಬೇರೆ ಬೇರೆ ಕಂಡ ಕೆಂಪು ಮತ್ತು ಹಸಿರು ಅಲ್ಲಿ ಒಂದೇ ಬೂದಿಯಾಗಿ ಕಂಡರೆ ಅವೆರಡನ್ನು ಅಕ್ಕಪಕ್ಕ ಇಡಬೇಡಿ. ನಡುವೆ ಒಂದು ಬಿಳಿ ಅಥವಾ ಹಳದಿ ತುಂಡು ಬರಲಿ. ಒಂದು ಕಡುಬಣ್ಣ, ಒಂದು ತಿಳಿಬಣ್ಣ, ಹೀಗೆ ಸರದಿಯಲ್ಲಿ ಹೋದರೆ ಮಂಜು ಕಣ್ಣಿಗೂ ಚೌಕಗಳು ಕಾಣುತ್ತವೆ. ಹಾಗಾಗಿ ತಿಳಿಬಣ್ಣ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದರ ಪಕ್ಕ ಕಡುಬಣ್ಣ ಬೇಕು ಎನ್ನುತ್ತಿದ್ದೇನೆ.

ಬಟ್ಟೆ ಹತ್ತಿಯದ್ದೇ ಇರಲಿ. ಮಾಣಿಯಿಂದ ಮಂಗಳೂರು, ಬೆಂಗಳೂರು, ಮೈಸೂರು ಮೂರೂ ಕಡೆಗೆ ರಸ್ತೆ ಉಂಟು, ಮೂರೂ ಕಡೆಯಿಂದ ಪಾಲಿಯೆಸ್ಟರ್ ಬ್ಲಾಂಕೆಟ್ ಬರುತ್ತದೆ. ಅದು ಬೇಗ ಒಣಗುತ್ತದೆ, ನಿಜ. ಆದರೆ ಬೆವರು ಹೀರುವುದಿಲ್ಲ. ನಮ್ಮ ಸೆಕೆಯಲ್ಲಿ ಮುದಿ ಚರ್ಮಕ್ಕೆ ಅದು ಹಿಂಸೆ. ಈಗ ಸೀರೆಗಳೂ ಹೆಚ್ಚಿನವು ಪಾಲಿಯೆಸ್ಟರ್. ಹಾಗಾಗಿ ಹಳೆ ನೈಟಿ, ಲುಂಗಿ, ಬೈರಾಸು, ಮುಂಡು ಹುಡುಕಿ. ಸಂಶಯ ಇದ್ದರೆ ನಾಲ್ಕು ನೂಲು ಎಳೆದು ಚಿಮಟಿಯಲ್ಲಿ ಹಿಡಿದು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗಂಟಾಗುತ್ತದೆ. ಕೆಂಪು ಬಟ್ಟೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಬಿಡುವವರೆಗೂ ಬೇರೆಯಾಗಿ ಒಗೆಯಿರಿ. ಹೊಸ ಬಟ್ಟೆ ಸೇರಿಸುವುದಾದರೆ ಮೊದಲೇ ಒಗೆದು ಕುಗ್ಗಿಸಿ, ಇಲ್ಲದಿದ್ದರೆ ಅದು ಹಳೆ ಬಟ್ಟೆಯನ್ನು ಎಳೆದು ಹರಿಯುತ್ತದೆ. ಜರಿ ಅಂಚು ಚುಚ್ಚುತ್ತದೆ, ಬಿಚ್ಚಿ ತೆಗೆಯಿರಿ. ಎರಡು ಅಥವಾ ಮೂರು ಪದರ ಸಾಕು. ಅದಕ್ಕಿಂತ ದಪ್ಪವಾದರೆ ಮಳೆಗಾಲದಲ್ಲಿ ಒಣಗದೆ ಮುಗ್ಗಲು ಹಿಡಿಯುತ್ತದೆ, ಅಜ್ಜಿಗೆ ಎತ್ತಿ ಮಡಚಲೂ ಆಗುವುದಿಲ್ಲ.

"ಅಜ್ಜಿಯೇ ಬೂದಿ ಬಣ್ಣ ಇಷ್ಟಪಟ್ಟರೆ?" ಎಂದು ಕೇಳುವವರಿದ್ದಾರೆ. ಇಷ್ಟಪಟ್ಟರೆ ಬೂದಿಯೇ ಇರಲಿ, ಅಂಚಿಗೆ ಮಾತ್ರ ಬಿಳಿ ಪಟ್ಟಿ ಹಾಕಿ. ಆದರೆ ಇಷ್ಟಪಟ್ಟರು ಎಂದು ನಿಮಗೆ ಗೊತ್ತಾದದ್ದು ಹೇಗೆ? ಕೇಳಿದ್ದೀರಾ? ಕೇಳಿ "ಏನಾದರೂ ಆದೀತು" ಎಂಬ ಉತ್ತರ ಬಂದಾಗ ಅಲ್ಲಿಗೇ ಎದ್ದು ಹೋಗದೆ ಕಾದಿದ್ದೀರಾ?

ಮನೆಯಲ್ಲಿ ಅಮ್ಮ, ಅತ್ತೆ, ಅಜ್ಜಿ ಯಾರಿಗಾದರೂ ಹೊದಿಕೆ ಹೊಲಿಸುವುದಿದ್ದರೆ ಬಟ್ಟೆಗೆ ಕತ್ತರಿ ಹಾಕುವ ಮೊದಲು ರಾಶಿಯನ್ನು ಅವರ ಮಡಿಲಿಗೆ ಹಾಕಿ. ಚಂದ, ಕೊಳೆ, ಶಾಸ್ತ್ರ ಎಂದು ಸಲಹೆ ಕೊಡಲು ಬಂದವರಿಗೆ ಚಾ ಕೊಟ್ಟು ಕೂರಿಸಿ. ಆರಿಸುವ ಕೆಲಸ ಹೊದೆಯುವವರದ್ದು.